ಘಾಟಿ ಹತ್ತುವ ರಸ್ತೆಯಲ್ಲ, ಘಾಟಿಯ ಬುಡದ ರಸ್ತೆ: ಕೊಲ್ಲೂರಿನಿಂದ ಸುಬ್ರಹ್ಮಣ್ಯದ ತನಕ ಸೈಕಲ್‌ಗೆ ಸದ್ದಿಲ್ಲದ ದಾರಿಗಳು

ಹಿರಿಯಡ್ಕದ ಸವಾರ

ಮಳೆ ಬಿಟ್ಟು ಕೊಯ್ಲು ಶುರುವಾದ ಕೂಡಲೇ ನಮ್ಮ ಸೈಕಲ್ ಬಳಗದಲ್ಲಿ ಎಲ್ಲರ ಬಾಯಲ್ಲೂ ಆಗುಂಬೆ. 14 ತಿರುವು, ಮೇಲೆ ಒಂದು ಚಹಾ, ಫೋಟೊ, ಇಳಿದು ವಾಪಸ್. ಆಗುಂಬೆಯ ಮೇಲೆ ನನಗೇನೂ ಬೇಸರವಿಲ್ಲ. ಆದರೆ ಉಡುಪಿಯಿಂದ ಹೆಬ್ರಿ ತನಕದ ಸುಮಾರು 32 ಕಿ.ಮೀ. ಈಗ ಸೈಕಲ್‌ನವರಿಗೆ ನೆಮ್ಮದಿಯ ರಸ್ತೆಯಲ್ಲ. ಮಲ್ಪೆ–ತೀರ್ಥಹಳ್ಳಿ ಹೆದ್ದಾರಿಯ ಅಗಲೀಕರಣದ ಧೂಳು, ಬೆನ್ನ ಹಿಂದೆ ಹಾರ್ನ್ ಒತ್ತಿಕೊಂಡೇ ಬರುವ ಎಕ್ಸ್‌ಪ್ರೆಸ್ ಬಸ್ಸು. ಘಾಟಿಯ ಬುಡ ಮುಟ್ಟುವಷ್ಟರಲ್ಲಿ ಅರ್ಧ ಉತ್ಸಾಹ ಇಳಿದಿರುತ್ತದೆ.

ಇಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಘಾಟಿ ಹತ್ತುವ ರಸ್ತೆಗಳನ್ನು ಬಿಟ್ಟು, ಘಾಟಿಯ ಬುಡದಲ್ಲೇ ಉತ್ತರ–ದಕ್ಷಿಣವಾಗಿ ಸಾಗುವ ರಸ್ತೆಗಳನ್ನು ಹಿಡಿಯಿರಿ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡೂ ಜಿಲ್ಲೆಗಳ ಸದ್ದಿಲ್ಲದ ದಾರಿಗಳು ಇರುವುದು ಅಲ್ಲೇ.

ಇದಕ್ಕೆ ಕಾರಣ ಉಂಟು. ನಮ್ಮಲ್ಲಿ ಸರಕು, ಯಾತ್ರಿಕರು, ಪ್ರವಾಸಿಗರು ಎಲ್ಲರೂ ಓಡಾಡುವುದು ಪೂರ್ವ–ಪಶ್ಚಿಮವಾಗಿ. ಬಂದರಿನಿಂದ ಶಿರಾಡಿಗೆ, ಬಂಟ್ವಾಳದಿಂದ ಚಾರ್ಮಾಡಿಗೆ, ಉಡುಪಿಯಿಂದ ಆಗುಂಬೆಗೆ, ಕುಂದಾಪುರದಿಂದ ಹುಲಿಕಲ್‌ಗೆ. ಉತ್ತರ–ದಕ್ಷಿಣ ಹೋಗುವವರಿಗೆ ಕಡಲ ಬದಿಯ ಹೆದ್ದಾರಿ 66 ಇದೆ. ಹಾಗಾಗಿ ಕಾಡಂಚಿನಲ್ಲಿ ಒಂದು ಊರಿನಿಂದ ಪಕ್ಕದ ಊರಿಗೆ ಹೋಗುವ ರಸ್ತೆ ಆ ಊರಿನವರಿಗಷ್ಟೇ ಬೇಕು. ಸರ್ವಿಸ್ ಬಸ್ಸು, ಹಾಲಿನ ವ್ಯಾನು, ಶಾಲೆಯ ಜೀಪು, ನಾಲ್ಕು ಬೈಕು, ಇಷ್ಟೇ.

ನಾನು ಜೋಡಿಸಿಕೊಂಡಿರುವ ಸಾಲು ಹೀಗಿದೆ: ಕೊಲ್ಲೂರು, ಜಡ್ಕಲ್, ಕಮಲಶಿಲೆ, ಸಿದ್ದಾಪುರ, ಅಮಾಸೆಬೈಲು, ಮಡಾಮಕ್ಕಿ, ಹೆಬ್ರಿ, ಮುದ್ರಾಡಿ, ವರಂಗ, ಮುನಿಯಾಲು, ಅಲ್ಲಿಂದ ಅಂಡಾರು, ಶಿರ್ಲಾಲು, ಕೆರ್ವಾಶೆ ಊರುಗಳ ಮೇಲಿಂದ ಬಜಗೋಳಿ, ನಾರಾವಿ, ಅಳದಂಗಡಿ, ಗುರುವಾಯನಕೆರೆ, ಉಜಿರೆ, ಧರ್ಮಸ್ಥಳ, ಪೆರಿಯಶಾಂತಿ, ಮರ್ದಾಳ, ಸುಬ್ರಹ್ಮಣ್ಯ. ಎಲ್ಲವನ್ನೂ ಒಂದೇ ಉಸಿರಿಗೆ ತುಳಿಯಬೇಕೆಂದಿಲ್ಲ. ಎರಡು–ಮೂರು ಊರಿನ ತುಂಡು ತುಂಡಾಗಿ ಹೋದರೂ ಸಾಕು.

ಬುಡ ಎಂದ ಮಾತ್ರಕ್ಕೆ ಸಪಾಟು ಎಂದು ತಿಳಿಯಬೇಡಿ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಸೀತಾ, ಸ್ವರ್ಣಾ, ಫಲ್ಗುಣಿ, ನೇತ್ರಾವತಿ, ಇವೆಲ್ಲ ಘಟ್ಟದಿಂದ ಪಡುವಣಕ್ಕೆ ಹರಿಯುತ್ತವೆ. ನಾವು ಅಡ್ಡಕ್ಕೆ ಹೋಗುವವರು. ಪ್ರತಿ ಹೊಳೆಗೂ ಇಳಿಯಬೇಕು, ಸೇತುವೆ ದಾಟಿ ಮತ್ತೆ ಗುಡ್ಡೆ ಹತ್ತಬೇಕು. ಉದ್ದಕ್ಕೂ ಗರಗಸದ ಹಲ್ಲಿನಂಥ ರಸ್ತೆ. ಒಂದೊಂದು ಏರು ಚಿಕ್ಕದು, ಆದರೆ ಸಂಜೆ ಲೆಕ್ಕ ಹಾಕಿದರೆ ಒಂದು ಘಾಟಿ ಹತ್ತಿದಷ್ಟೇ ಆಗಿರುತ್ತದೆ.

ನೀವು ತುಳಿದ ತುಂಡುಗಳ ಬಗ್ಗೆ ಬರೆಯಿರಿ. ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಟಿಪ್ಪರ್ ಕಾಟ, ಎಲ್ಲಿ ನೀರು ಸಿಗುತ್ತದೆ, ಎಲ್ಲವೂ ಬೇಕು.

ಕುಂದಾಪ್ರದವ

ಹ್ವಾಯ್, ನಮ್ ಬದಿ ರಸ್ತಿ ಹೆಸ್ರ್ ಮೊದ್ಲ್ ಹಾಕಿದ್ರಿ, ಖುಷಿ ಆಯ್ತ್. ಸಿದ್ದಾಪುರದಿಂದ ಕಮಲಶಿಲೆಗೆ ಹೋಪು ದಾರಿ ಬೆಳಿಗ್ಗೆ ಹೊತ್ತಿಗ್ ಕಾಂಬುಕೇ ಚಂದ. ಎಲ್ಲರಿಗೂ ಅರ್ಥ ಆಯ್ಕಲ್ದಾ, ಮುಂದಿನದ್ದು ಪುಸ್ತಕದ ಕನ್ನಡದಲ್ಲೇ ಬರೀತೆ.

ಉಡುಪಿ, ಮಂಗಳೂರಿನಿಂದ ಬರುವವರು ಕೊಲ್ಲೂರಿಗೆ ಹೆದ್ದಾರಿ 66ರಲ್ಲಿ ಸೈಕಲ್ ತುಳಿದುಕೊಂಡು ಬರಬೇಡಿ. ಅದರಲ್ಲಿ ಸುಖವೂ ಇಲ್ಲ, ಕ್ಷೇಮವೂ ಇಲ್ಲ. ಕೊಂಕಣ ರೈಲಿನಲ್ಲಿ ಬೈಂದೂರಿಗೆ ಬನ್ನಿ. ನಿಲ್ದಾಣದ ಹೆಸರೇ ಮೂಕಾಂಬಿಕಾ ರೋಡ್ ಬೈಂದೂರು. ಮಡಚುವ ಸೈಕಲ್ ಆದರೆ ಚೀಲಕ್ಕೆ ಹಾಕಿ ಜೊತೆಗೇ ತರಬಹುದು. ಉಳಿದವರು ಹಿಂದಿನ ದಿನವೇ ಹೊರಡುವ ನಿಲ್ದಾಣಕ್ಕೆ ಹೋಗಿ ಲಗೇಜ್ ಬುಕಿಂಗ್ ವಿಚಾರಿಸಿ. ಎಲ್ಲ ರೈಲಿಗೂ, ಎಲ್ಲ ನಿಲ್ದಾಣದಲ್ಲೂ ಹತ್ತಿಸಿಕೊಳ್ಳುವುದಿಲ್ಲ.

ಬೈಂದೂರಿನಿಂದ ಕೊಲ್ಲೂರಿಗೆ ಸುಮಾರು 30 ಕಿ.ಮೀ. ಕೊನೆಯ ಭಾಗ ಮೂಕಾಂಬಿಕಾ ಅಭಯಾರಣ್ಯದ ನೆರಳಿನಲ್ಲಿ. ಶುಕ್ರವಾರ, ನವರಾತ್ರಿ, ಶಬರಿಮಲೆ ಸೀಸನ್ ಬಿಟ್ಟು ಬನ್ನಿ, ಆಗ ಕೇರಳದ ಬಸ್ಸುಗಳು ಸಾಲಾಗಿ ಬರುತ್ತವೆ. ಕೊಲ್ಲೂರು ಬಿಟ್ಟು ಜಡ್ಕಲ್ ಕಡೆ ತಿರುಗಿದ ಮೇಲೆ ಸದ್ದು ನಿಲ್ಲುತ್ತದೆ. ಎಡಕ್ಕೆ ಕೊಡಚಾದ್ರಿಯ ಸಾಲು, 1343 ಮೀಟರ್ ಎತ್ತರದ ತುದಿ ಮೋಡ ಇಲ್ಲದ ದಿನ ಚೆನ್ನಾಗಿ ಕಾಣುತ್ತದೆ. ರಬ್ಬರು ತೋಟ, ಅಡಿಕೆ ತೋಟ, ನಡುವೆ ಚಿಕ್ಕ ಚಿಕ್ಕ ಚರ್ಚು.

ಕಮಲಶಿಲೆಯಲ್ಲಿ ಬ್ರಾಹ್ಮೀ ದುರ್ಗಾಪರಮೇಶ್ವರಿ ದೇವಸ್ಥಾನದ ಪಕ್ಕದಲ್ಲೇ ಕುಬ್ಜಾ ನದಿ. ಮಳೆಗಾಲದಲ್ಲಿ ನೆರೆ ನೀರು ಗರ್ಭಗುಡಿಗೇ ಬರುತ್ತದೆ, ಊರವರು ಅದನ್ನು ದೇವಿಯ ಸ್ನಾನ ಎಂದೇ ಕಾಣುತ್ತಾರೆ. ಅಂದರೆ ಜುಲೈ ತಿಂಗಳಲ್ಲಿ ಈ ರಸ್ತೆಯ ತಗ್ಗು ಜಾಗಗಳ ಮೇಲೆ ಭರವಸೆ ಇಡಬೇಡಿ. ಈಗ ಬಂದರೆ ನೀರು ತಿಳಿಯಾಗಿರುತ್ತದೆ, ಮಧ್ಯಾಹ್ನದ ಊಟವೂ ಸಿಗುತ್ತದೆ.

ಸಿದ್ದಾಪುರದಿಂದ ಹೊಸಂಗಡಿ ಕಡೆಗೆ ಹೋಗಬೇಡಿ. ಅದು ಬಾಳೆಬರೆ (ಹುಲಿಕಲ್) ಘಾಟಿಯ ರಸ್ತೆ, ಆಗುಂಬೆಯಲ್ಲಿ ಬಿಡದ ಘನ ವಾಹನಗಳೆಲ್ಲ ಅಲ್ಲಿಂದಲೇ ಹತ್ತುತ್ತವೆ. ದಕ್ಷಿಣಕ್ಕೆ ತಿರುಗಿ ಅಮಾಸೆಬೈಲು ಹಿಡಿಯಿರಿ.

ಮಣಿಪಾಲ 700ಸಿ

ಸರ್, ಒಂದು ಭಿನ್ನಾಭಿಪ್ರಾಯ. ನಮ್ಮಂಥವರಿಗೆ ಬೆಟ್ಟ ಹತ್ತುವುದೇ ಮುಖ್ಯ. ಬುಡದಲ್ಲಿ ಹತ್ತಿ ಇಳಿದು ಹತ್ತಿ ಇಳಿದು ಹೋದರೆ ಲಯ ಸಿಗುವುದಿಲ್ಲ. ಒಂದೇ ಸಮನೆ ಮುಕ್ಕಾಲು ಗಂಟೆ ಹತ್ತುವಾಗ ಉಸಿರು ಒಂದು ಹದಕ್ಕೆ ಬರುತ್ತದಲ್ಲ, ಅದಕ್ಕಾಗಿಯೇ ಆಗುಂಬೆ. ಸದ್ದು ಇದ್ದರೆ ಇರಲಿ.

ಆಗುಂಬೆ ಮೇಲಿನವ

ಮಣಿಪಾಲದ ಹುಡುಗ ಹೇಳಿದ್ದು ಸರಿ ಇದೆ ಮಾರಾಯ. ಆದರೆ ಸದ್ದು ಇದ್ದರೆ ಇರಲಿ ಅಂತ ಬಿಡಬೇಕಾದ್ದೂ ಇಲ್ಲ. ಘಾಟಿಯಲ್ಲಿ ಸದ್ದು ಇರೋದು ಹೊತ್ತಿನ ಮೇಲೆ.

ಘನ ವಾಹನಕ್ಕೆ ಇಲ್ಲಿ ನಿಷೇಧ. ಶಿವಮೊಗ್ಗ–ಉಡುಪಿ ಬಸ್ಸುಗಳು ಕೂಡ ಮಿನಿ ಬಸ್ಸುಗಳೇ, ಉದ್ದದ ಬಸ್ಸು ಆ ತಿರುವುಗಳಲ್ಲಿ ತಿರುಗೋದಿಲ್ಲ. ಹಾಗಾಗಿ ಬೆಳಕು ಹರಿದ ಮೇಲಿನ ಎರಡು ಗಂಟೆ ಆಗುಂಬೆ ಘಾಟಿಯಷ್ಟು ನೆಮ್ಮದಿಯ ರಸ್ತೆ ಇನ್ನೊಂದಿಲ್ಲ. ಸೋಮೇಶ್ವರ ಅಭಯಾರಣ್ಯದ ಕಾಡು ಎರಡೂ ಬದಿ ಮುಚ್ಚಿಕೊಂಡಿರುತ್ತೆ, ಸಿಂಗಳೀಕ ಕೂಗೋದು ಕೇಳುತ್ತೆ. ಕಷ್ಟ ಬರೋದು ಸಂಜೆ. ಸೂರ್ಯಾಸ್ತ ನೋಡೋಕೆ ಬಂದ ಕಾರುಗಳೆಲ್ಲ ಕತ್ತಲಾದ ಮೇಲೆ ಒಟ್ಟಿಗೇ ಇಳಿಯುತ್ತವೆ. ಶನಿವಾರ, ಭಾನುವಾರ ಸಂಜೆ 5ರ ನಂತರ ದಯವಿಟ್ಟು ಯಾರೂ ಸೈಕಲ್‌ನಲ್ಲಿ ಘಾಟಿ ಇಳಿಯಬೇಡಿ. ಮೇಲೇ ಉಳಿದುಕೊಳ್ಳಿ, ಬೆಳಿಗ್ಗೆ ಇಳಿಯಿರಿ.

ಇನ್ನೊಂದು ವಿಷಯ. ಹತ್ತಿದ ದಾರಿಯಲ್ಲೇ ಇಳಿಯಬೇಕು ಅಂತ ಏನಿಲ್ಲ. ಆಗುಂಬೆಯಿಂದ ಬೇಗಾರು ಮೇಲೆ ಶೃಂಗೇರಿ, ಅಲ್ಲಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಮಾಳದ ಘಾಟಿ ಇಳಿದು ಬಜಗೋಳಿ, ಕಾರ್ಕಳ. ಮೇಲಿನ ಭಾಗ ಮಲೆನಾಡಿನ ಗದ್ದೆ ಬಯಲು, ಅಡಿಕೆ, ಏಲಕ್ಕಿ. ಎರಡು ದಿನ ಇಟ್ಟುಕೊಂಡು ಶೃಂಗೇರಿಯಲ್ಲಿ ರಾತ್ರಿ ಕಳೆದರೆ ಇದರಷ್ಟು ಚೆಂದದ ಸುತ್ತು ಈ ಕಡೆ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಕೆರೆಕಟ್ಟೆ ಆಚೆಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟ್‌ನಲ್ಲಿ ನಿಂತು ಕೇಳಿ, ಅವರು ಹೇಳಿದ ಹೊತ್ತಿನೊಳಗೆ ದಾಟಿ. ರಸ್ತೆ ಬಿಟ್ಟು ಒಳಗೆ ಇಳಿಯಬೇಡಿ.

ಹಿರಿಯಡ್ಕದ ಸವಾರ

ಆಗುಂಬೆಯವರ ಮಾತು ಒಪ್ಪಿದೆ. ಬೆಳಗಿನ ಘಾಟಿಯ ಸೊಗಸು ಬೇರೆಯೇ. ಹಾಗಾದರೆ ಹೆಬ್ರಿಗೆ ಹೇಗೆ ಬರಬೇಕು ಎನ್ನುವುದೂ ಮುಖ್ಯ. ಹೆದ್ದಾರಿಯ ಬದಲು ಬ್ರಹ್ಮಾವರದಿಂದ ಪೇತ್ರಿ, ಕರ್ಜೆ, ಕಲ್ತೂರು ಸಂತೆಕಟ್ಟೆ ಮೇಲೆ ಬನ್ನಿ. ಸೀತಾ ನದಿಯ ಸೀಮೆ, ಗದ್ದೆ ಮತ್ತು ಕಾಡು ಒಂದಾದ ಮೇಲೊಂದು. ಹಿಂದಿನ ಸಂಜೆಯೇ ಹೆಬ್ರಿ ತಲುಪಿ ಉಳಿದರೆ ಮರುದಿನ ನಸುಕಿಗೆ ಸೋಮೇಶ್ವರ.

ಆದರೂ ನನ್ನ ಮಾತಿಗೇ ನಿಲ್ಲುತ್ತೇನೆ. ಘಾಟಿಗೆ ದಿನದಲ್ಲಿ ಎರಡು ಒಳ್ಳೆಯ ಗಂಟೆ. ಮಡಾಮಕ್ಕಿ ರಸ್ತೆಗೆ ಇಡೀ ದಿನವೂ ಒಳ್ಳೆಯದೇ. ಮನೆಯಲ್ಲಿ ಕೆಲಸ ಮುಗಿಸಿ ಹತ್ತು ಗಂಟೆಗೆ ಹೊರಡುವವರೂ ಸೈಕಲ್ ತುಳಿಯುತ್ತಾರಲ್ಲವೇ?

ಕದ್ರಿ ಗುಡ್ಡೆ

ಮಂಗಳೂರಿನವರ ಕಷ್ಟ ಕೇಳಿ ಮಾರಾಯ್ರೆ. ನಿಮಗೆ ಮನೆಯಿಂದ ಹೊರಟರೆ ಕಾಡು. ನಮಗೆ ಪೇಟೆ ದಾಟುವುದೇ ಒಂದು ಗಂಟೆ. ಮೂಡುಬಿದಿರೆ ರಸ್ತೆಯಲ್ಲಿ ಬಿಕರ್ನಕಟ್ಟೆಯಿಂದ ಸಾಣೂರಿನ ತನಕ ಚತುಷ್ಪಥದ ಕೆಲಸ. ಬಿ.ಸಿ. ರೋಡ್ ಕಡೆಯದ್ದು ಹೇಳುವುದೇ ಬೇಡ.

ಹಾಗಾಗಿ ನಾವು ಹೋಗುವುದು ಕಾವೂರು, ಬಜ್ಪೆ, ಕಟೀಲು. ಬಜ್ಪೆ ದಾಟುವವರೆಗೆ ವಾಹನ ಉಂಟು, ಆಮೇಲೆ ಕಡಿಮೆ. ಕಟೀಲಿನಲ್ಲಿ ನಂದಿನಿ ಹೊಳೆಯ ನಡುವಿನ ದೇವಸ್ಥಾನ ನೋಡಿ, ಅಲ್ಲಿಂದ ಎರಡು ದಾರಿ. ಒಂದು ಕಿನ್ನಿಗೋಳಿ, ಮುಂಡ್ಕೂರು, ಬೆಳ್ಮಣ್, ನಿಟ್ಟೆ ಆಗಿ ಕಾರ್ಕಳ. ಇನ್ನೊಂದು ನಿಡ್ಡೋಡಿ ಮೇಲೆ ಮೂಡುಬಿದಿರೆ. ಎರಡನೆಯದ್ದು ನನಗೆ ಹೆಚ್ಚು ಇಷ್ಟ, ಮುಖ್ಯರಸ್ತೆಯ ಧೂಳು ಇಲ್ಲದೆಯೇ ಸಾವಿರ ಕಂಬದ ಬಸದಿಯ ಊರು ಸೇರುತ್ತೀರಿ. ಮೂಡುಬಿದಿರೆಯಿಂದ ವೇಣೂರು. 1604ರ ಬಾಹುಬಲಿ ಫಲ್ಗುಣಿಯ ದಡದಲ್ಲಿ ನಿಂತಿದ್ದಾನೆ, 35 ಅಡಿ. ಕಾರ್ಕಳದವನು 1432ರವನು, 42 ಅಡಿ. ಕಾರ್ಕಳದಿಂದ ಬಜಗೋಳಿ, ನಾರಾವಿ, ಅಳದಂಗಡಿ, ಆಮೇಲೆ ವೇಣೂರು ಎಂದು ಸುತ್ತು ಹಾಕಿದರೆ ಎರಡು ಮೂರ್ತಿಗಳೂ ಘಟ್ಟದ ಬುಡದ ರಸ್ತೆಯಲ್ಲೇ ಸಿಗುತ್ತವೆ. ಹಳೆಯ ಜೈನ ಅರಸುಮನೆತನಗಳು ಘಟ್ಟದ ಕೆಳಗೆ ಈ ಸಾಲಿನಲ್ಲೇ ನೆಲೆ ಮಾಡಿಕೊಂಡಿದ್ದವು. ವರಂಗದ ಕೆರೆ ಬಸದಿಯನ್ನೂ ಸೇರಿಸಿದರೆ ನಿಮ್ಮ ಬುಡದ ರಸ್ತೆಯ ಪಟ್ಟಿ ಹೆಚ್ಚುಕಡಿಮೆ ಬಸದಿಗಳ ಪಟ್ಟಿಯೂ ಹೌದು.

ದೂರ ಹೋಗಲು ಸಮಯ ಇಲ್ಲದ ದಿನ ಕೊಣಾಜೆ, ಮುಡಿಪು, ಬೋಳಿಯಾರು. ಮುಡಿಪು ದಾಟಿದ ಮೇಲೆ ಗುಡ್ಡ ಗುಡ್ಡವೇ. ಬೆಳಿಗ್ಗೆ ಹೋಗಿ ಒಂಬತ್ತಕ್ಕೆ ಮನೆ.

ಹೊಸಬ ಸುರತ್ಕಲ್

ನಾನು ಈಗಷ್ಟೇ ಸೈಕಲ್ ತೆಗೆದುಕೊಂಡೆ. ಗೇರಿನ ಹಲ್ಲು ಮುಂದೆ 50/34, ಹಿಂದೆ 11–28. ಟಯರ್ 28 ಮಿ.ಮೀ. ಇದರಲ್ಲಿ ನೀವು ಹೇಳುವ ರಸ್ತೆಗಳಿಗೆ ಬರಬಹುದಾ? ಅಂಗಡಿಯವರು ಸಾಕು ಎಂದರು.

ಮಣಿಪಾಲ 700ಸಿ

ಲೆಕ್ಕ ಹಾಕೋಣ. 32 ಮಿ.ಮೀ. ಟಯರ್ ಇರುವ 700ಸಿ ಅಳತೆಯ ಚಕ್ರ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಉರುಳುತ್ತದೆ. ಮುಂದೆ 34, ಹಿಂದೆ 28 ಹಲ್ಲು ಇದ್ದರೆ ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗುವಾಗ ವೇಗ ಗಂಟೆಗೆ 9.4 ಕಿ.ಮೀ. ನೀವು ಮತ್ತು ಸೈಕಲ್ ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. 100 ಮೀಟರ್‌ಗೆ 8 ಮೀಟರ್ ಏರುವ ಕಡೆ ಆ ವೇಗಕ್ಕೆ ಬರೀ ಎತ್ತರಕ್ಕೆ ಏರಲು 170 ವ್ಯಾಟ್‌ಗಿಂತ ಹೆಚ್ಚು ಬೇಕು. ಹಿಂದಿನ ಹಲ್ಲು 34ಕ್ಕೆ ಏರಿಸಿದರೆ ಅದೇ 60 ಸುತ್ತಿಗೆ ವೇಗ 7.7 ಕಿ.ಮೀ., ಬೇಕಾದ ಶಕ್ತಿ ಸುಮಾರು 143 ವ್ಯಾಟ್. ಹೊಸಬರ ಮೊಣಕಾಲಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ಬದಲಾಯಿಸುವ ಮುಂಚೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ನಿಮ್ಮ ಹಿಂದಿನ ಡಿರೈಲರ್ 34 ಹಲ್ಲು ಹಿಡಿಯುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ.

ಟಯರ್ 28 ಸಾಗುತ್ತದೆ, 32 ಒಳ್ಳೆಯದು. ಒಳರಸ್ತೆಯ ಕಾಂಕ್ರೀಟಿನಲ್ಲಿ ಜೋಡಣೆಯ ಸಂದುಗಳಿವೆ, ಡಾಂಬರಿನ ಅಂಚು ಮಳೆಗೆ ಕೊಚ್ಚಿ ಹೋಗಿರುತ್ತದೆ. ಎದುರಿಂದ ಬಸ್ ಬಂದರೆ ನೀವು ಅಂಚಿನಿಂದ ಮಣ್ಣಿಗೆ ಇಳಿಯಲೇಬೇಕು, ಆಗ ದಪ್ಪ ಟಯರ್ ಬೇಕು. ಗಾಳಿ ಕಲ್ಲಿನ ಹಾಗೆ ತುಂಬಿಸಬೇಡಿ.

ಇಳಿಯುವಾಗ ಬ್ರೇಕನ್ನು ಒತ್ತಿಹಿಡಿದುಕೊಂಡೇ ಇಳಿಯಬೇಡಿ. ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಬಿಡಿ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಇದ್ದರೆ ಇದು ಇನ್ನೂ ಮುಖ್ಯ, ರಿಮ್ ಕಾದು ಟ್ಯೂಬ್ ಒಡೆಯುವುದುಂಟು.

ಮಾಳದ ತೋಟದಿಂದ

ನಾನು ಸೈಕಲ್ ಬಿಡುವವನಲ್ಲ. ಮಗಳು ಈ ಚರ್ಚೆ ತೋರಿಸಿದಳು. ನಿಮ್ಮ ಪಟ್ಟಿಯಲ್ಲಿರುವ ರಸ್ತೆಯ ಬದಿಯಲ್ಲೇ ನಮ್ಮ ಮನೆ ಇರುವುದರಿಂದ ನಾಲ್ಕು ಮಾತು.

ನೀವು ಬರುವುದು ನಮಗೆ ಸಂತೋಷವೇ. ಬೈಕಿನವರ ಹಾಗೆ ಸೈಲೆನ್ಸರ್ ಬಿಚ್ಚಿಕೊಂಡು ಬರುವುದಿಲ್ಲ, ದನ–ಕರು ಬೆದರುವುದಿಲ್ಲ. ಆದರೆ ಹತ್ತು ಹದಿನೈದು ಜನ ಒಟ್ಟಿಗೆ ಬಂದಾಗ ತಿರುವಿನಲ್ಲೇ ಸೈಕಲ್ ನಿಲ್ಲಿಸಿ ಮಾತಾಡುತ್ತಾರೆ. ಆಚೆಯಿಂದ ಬರುವ ಪಿಕಪ್‌ನವನಿಗೆ ಕಾಣುವುದಿಲ್ಲ. ನಿಲ್ಲುವುದಿದ್ದರೆ ನೇರ ರಸ್ತೆಯಲ್ಲಿ, ಮಣ್ಣಿನ ಮೇಲೆ ನಿಲ್ಲಿ. ಅಂಗಳದಲ್ಲಿ ಅಡಿಕೆ ಒಣಗಿಸಿದ್ದು ಕಂಡರೆ ಫೋಟೊ ತೆಗೆಯಬೇಕೆನಿಸುತ್ತದೆ, ತೆಗೆಯಿರಿ, ಮನೆಯವರನ್ನು ಒಂದು ಮಾತು ಕೇಳಿ. ಕೇಳಿದರೆ ಬೇಡ ಎನ್ನುವವರು ಯಾರೂ ಇಲ್ಲ, ಒಂದು ಲೋಟ ಮಜ್ಜಿಗೆಯೂ ಕೊಟ್ಟಾರು. ತಿಂಡಿಯ ಪ್ಲಾಸ್ಟಿಕ್ ಕೊಟ್ಟೆ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಸಾಡಬೇಡಿ. ತೋಡಿನ ನೀರೇ ನಮ್ಮ ತೋಟಕ್ಕೆ.

ಮಳೆ ಮುಗಿದ ಮೇಲೆ ಹೊಳೆಯ ಕಿಂಡಿ ಅಣೆಕಟ್ಟುಗಳಿಗೆ ನೀರು ನಿಲ್ಲಿಸಲು ಹಲಗೆ ಹಾಕುತ್ತೇವೆ. ಕೆಲವು ಕಡೆ ಅದರ ಮೇಲಿನ ಕಾಲುದಾರಿಯಲ್ಲಿ ಹೊಳೆ ದಾಟಿದರೆ ನಿಮಗೆ ಬಹಳ ದೂರ ಉಳಿಯುತ್ತದೆ. ಹೋಗಬಹುದು. ಸೈಕಲ್ ಇಳಿದು ತಳ್ಳಿಕೊಂಡು ಹೋಗಿ, ಹಲಗೆಯನ್ನು ಮಾತ್ರ ಮುಟ್ಟಬೇಡಿ.

ನಾಯಿಗಳ ವಿಷಯ ಯಾರೂ ಬರೆಯಲಿಲ್ಲ. ತೋಟದ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿಯಿರಿ, ಸೈಕಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಡೆಯಿರಿ, ಗಟ್ಟಿಯಾಗಿ ಮನೆಯವರನ್ನು ಕರೆಯಿರಿ. ಓಡಿದರೆ ಮಾತ್ರ ಓಡಿಸುತ್ತದೆ.

ಹಿರಿಯಡ್ಕದ ಸವಾರ

ಅಣ್ಣ, ಬಹಳ ಉಪಕಾರವಾಯಿತು. ನಮ್ಮ ಬಳಗದಲ್ಲಿ ಇನ್ನು ಮುಂದೆ ಒಂದು ಗುಂಪಿಗೆ ಐದಾರು ಜನಕ್ಕಿಂತ ಹೆಚ್ಚು ಬೇಡ ಎಂದು ಮಾಡೋಣ. ಗುಂಪು ಗುಂಪಿನ ನಡುವೆ ಹತ್ತು ನಿಮಿಷ ಅಂತರ.

ಬೆಳ್ತಂಗಡಿ ಟೀಚರ್

ಇಲ್ಲಿ ಬರೆದವರಲ್ಲಿ ಹೆಂಗಸರು ಕಾಣಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಗುರುವಾಯನಕೆರೆ–ಅಳದಂಗಡಿ–ನಾರಾವಿ ರಸ್ತೆಯಲ್ಲಿ ಒಬ್ಬಳೇ ಹೋಗುತ್ತೇನೆ, ರಜೆಯಲ್ಲಿ ಗಡಾಯಿಕಲ್ಲು, ದಿಡುಪೆ ಕಡೆಗೆ.

ಸದ್ದಿಲ್ಲದ ರಸ್ತೆ ಎಂದರೆ ಗಂಡಸರಿಗೆ ಸಂತೋಷ. ನಮಗೆ ಅದರ ಜೊತೆಗೆ ಇನ್ನೊಂದು ಲೆಕ್ಕವೂ ಇರುತ್ತದೆ: ಯಾರೂ ಇಲ್ಲದ ರಸ್ತೆಯೇ, ಅಥವಾ ಮನೆಗಳಿರುವ, ವಾಹನ ಕಡಿಮೆಯಿರುವ ರಸ್ತೆಯೇ? ನಾನು ಹುಡುಕುವುದು ಎರಡನೆಯದನ್ನು. ಘಾಟಿಯ ಬುಡದ ರಸ್ತೆ ನನಗೆ ಇಷ್ಟವಾಗುವುದೂ ಅದಕ್ಕೇ. ಚಾರ್ಮಾಡಿಯಲ್ಲಿ ಕಾರುಗಳಿವೆ, ಮನೆಗಳಿಲ್ಲ. ನಾರಾವಿ ರಸ್ತೆಯಲ್ಲಿ ಕಾರು ಕಡಿಮೆ, ಮನೆಗಳಿವೆ, ಬಸ್ ಸ್ಟಾಪಿನಲ್ಲಿ ಮಕ್ಕಳಿದ್ದಾರೆ, ಟೈಲರ್ ಅಂಗಡಿ ಇದೆ.

ಒಂದು ಉಪಾಯ ಹೇಳುತ್ತೇನೆ. ಬೆಳಿಗ್ಗೆ ಹೊರಡುವ ಹೊತ್ತನ್ನು ಹಾಲಿನ ಡೇರಿ ತೆರೆದಿರುವ ಹೊತ್ತಿಗೆ ಹೊಂದಿಸಿಕೊಳ್ಳಿ. ನಮ್ಮ ಕಡೆ ಊರೂರಿಗೂ ಹಾಲು ಉತ್ಪಾದಕರ ಸಹಕಾರ ಸಂಘದ ಕಟ್ಟಡ ಇದೆ. ಬೆಳಿಗ್ಗೆ ಕ್ಯಾನ್ ಹಿಡಿದುಕೊಂಡು ಬರುವವರಲ್ಲಿ ಹೆಂಗಸರೇ ಹೆಚ್ಚು. ನೀರು ಬೇಕಿದ್ದರೆ, ಪಂಕ್ಚರ್ ಆದರೆ, ಯಾರೋ ಬೈಕಿನವ ಹಿಂಬಾಲಿಸುತ್ತಾನೆ ಅನಿಸಿದರೆ, ಅಲ್ಲಿ ನಿಲ್ಲಬಹುದು. ಎರಡನೆಯ ಸಲ ಹೋದಾಗ ಅವರಿಗೇ ನಿಮ್ಮ ಗುರುತು ಸಿಕ್ಕಿರುತ್ತದೆ, "ಟೀಚರ್, ಇವತ್ತು ಎಲ್ಲಿಯ ತನಕ?" ಎಂದು ಕೇಳುತ್ತಾರೆ. ಶೌಚಾಲಯಕ್ಕೆ ಪೆಟ್ರೋಲ್ ಬಂಕ್ ಸಿಗದ ಕಡೆ ದೇವಸ್ಥಾನ, ಪಂಚಾಯತ್ ಕಚೇರಿ.

ನೆಟ್‌ವರ್ಕ್ ಎಲ್ಲಿ ಹೋಗುತ್ತದೆ ಎಂದು ಮೊದಲೇ ಗೊತ್ತಿರಬೇಕು. ದಿಡುಪೆ ಆಚೆ ಸಿಗ್ನಲ್ ನಂಬಬೇಡಿ. ಮ್ಯಾಪ್ ಇಳಿಸಿಕೊಂಡು ಹೋಗಿ, ಮನೆಯವರಿಗೆ ಯಾವ ಊರಿನಿಂದ ಫೋನ್ ಮಾಡುತ್ತೇನೆ ಎಂದು ಹೇಳಿ ಹೊರಡಿ.

ನವೆಂಬರಿನಿಂದ ಮೇ ತನಕ ಯಕ್ಷಗಾನ, ನೇಮ (ಭೂತಕೋಲ), ಕಂಬಳದ ಕಾಲ. ರಾತ್ರಿ ಪೂರ್ತಿ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಬೈಕಿನಲ್ಲಿ ಮನೆಗೆ ಹೋಗುವವರು ನಿದ್ದೆಗಣ್ಣಿನಲ್ಲಿರುತ್ತಾರೆ. ಹತ್ತಿರದಲ್ಲಿ ಆಟ ಇದೆ ಎಂಬ ಬ್ಯಾನರ್ ಕಂಡರೆ ಮರುದಿನ ಆ ರಸ್ತೆಗೆ ಬೆಳಕು ಸರಿಯಾಗಿ ಹರಿದ ಮೇಲೆ ಹೋಗಿ. ಶಿವರಾತ್ರಿಯ ವಾರ ಚಾರ್ಮಾಡಿಯಿಂದ ಧರ್ಮಸ್ಥಳದ ತನಕ ಪಾದಯಾತ್ರಿಗಳು ರಸ್ತೆ ತುಂಬ ಇರುತ್ತಾರೆ. ಆ ವಾರ ಆ ರಸ್ತೆ ಅವರದ್ದು.

ಕುಂದಾಪ್ರದವ

ಟೀಚರ್ರೇ, ಡೇರಿಯ ಮಾತು ಬಹಳ ಒಳ್ಳೆದ್ ಹೇಳಿದ್ರಿ. ಅಮಾಸೆಬೈಲು, ಮಡಾಮಕ್ಕಿ ಬದಿಗೂ ಇದು ಹೊಂದುತ್ತದೆ. ಅಲ್ಲಿ ಹೋಟೆಲು ಅಪರೂಪ, ಬೆಳಿಗ್ಗೆ ಏಳಕ್ಕೆ ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ) ಸಿಕ್ಕಿದರೆ ತಿಂದೇ ಮುಂದೆ ಹೋಗಿ. ಎರಡು ಬಾಟಲಿ ನೀರು ತುಂಬಿಸದೆ ಸಿದ್ದಾಪುರ ಬಿಡಬೇಡಿ.

ಹೊಸಬ ಸುರತ್ಕಲ್

ಟಿಪ್ಪರ್ ವಿಷಯ ಯಾರಾದರೂ ಹೇಳ್ತೀರಾ? ಮನೆಯಲ್ಲಿ ಅದೇ ಹೆದರಿಕೆ.

ಕದ್ರಿ ಗುಡ್ಡೆ

ಹೆದರಿಕೆ ಸರಿಯೇ. ಕೆಂಪುಕಲ್ಲಿನ ಕೋರೆಗಳು ಮಳೆ ನಿಂತ ಮೇಲೆ ತೆರೆಯುತ್ತವೆ, ಮರಳಿನ ಸಾಗಾಟವೂ ಆಗಲೇ. ರಸ್ತೆಯಲ್ಲಿ ಕೆಂಪು ಹುಡಿ ಬಿದ್ದ ಗೆರೆ ಕಂಡರೆ ಆ ದಾರಿಯಲ್ಲಿ ಕೋರೆ ಉಂಟು ಎಂದೇ ಅರ್ಥ. ಅಂಥ ರಸ್ತೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಕೋರೆ ಕೆಲಸ ಆಗ ಕಡಿಮೆ. ಏರಿನಲ್ಲಿ ಹಿಂದೆ ಲೋಡಿನ ಗಾಡಿ ಬಂದರೆ ನಿಂತು ಬಿಡಿ, ಅವನಿಗೆ ಅರ್ಧ ಏರಿನಲ್ಲಿ ಗೇರ್ ಬದಲಾಯಿಸುವುದು ಕಷ್ಟ. ನಾವು ಒಂದು ನಿಮಿಷ ನಿಂತರೆ ಏನೂ ಹೋಗುವುದಿಲ್ಲ.

ಹಿಂದೆ ಕೆಂಪು ದೀಪ ಹಗಲಿನಲ್ಲೂ ಉರಿಯುತ್ತಿರಲಿ. ಕಾಡಿನ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಬರುವ ಡ್ರೈವರಿಗೆ ಒಂದು ಕ್ಷಣ ಏನೂ ಕಾಣುವುದಿಲ್ಲ.

ಆಗುಂಬೆ ಮೇಲಿನವ

ಮಳೆಗಾಲದ ಬಗ್ಗೆಯೂ ಒಂದು ಮಾತು ಇರಲಿ. ಪ್ರತಿ ಜೂನ್‌ಗೆ ಯಾರಾದರೂ ಮಳೆಯಲ್ಲಿ ಘಾಟಿ ಹತ್ತುವ ವಿಡಿಯೊ ನೋಡಿಕೊಂಡು ಬರುತ್ತಾರೆ. ನಮ್ಮೂರಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸಿನಲ್ಲಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಆಗಸ್ಟ್ ಒಳಗೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದೆ ಅಂದರೆ 24 ಗಂಟೆಯಲ್ಲಿ 204 ಮಿ.ಮೀ. ದಾಟಬಹುದು ಅಂತ ಲೆಕ್ಕ. ಅಂಥ ದಿನ ಘಾಟಿಯಲ್ಲಿ ಗುಡ್ಡವೇ ಕೆಳಗೆ ಬರುತ್ತೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಎಷ್ಟೊಂದು ಕಡೆ ಕುಸಿದು ರಸ್ತೆ ಮುಚ್ಚಿತ್ತು, ನೆನಪಿರಬಹುದು.

ಕಡಿಮೆ ಮಳೆಯ ದಿನ ಕೂಡ ಮರದಡಿಯ ಕಾಂಕ್ರೀಟ್ ರಸ್ತೆಯಲ್ಲಿ ಹಸಿರು ಪಾಚಿ ಕಟ್ಟಿರುತ್ತೆ. ಗಾಡಿ ಚಕ್ರ ಓಡಾಡುವ ಎರಡು ಗೆರೆ ಬಿಟ್ಟು ನಡುವೆ ಹೋದರೆ ಜಾರೋದು ಖಂಡಿತ. ಇಂಬಳಕ್ಕೆ (ಜಿಗಣೆಗೆ) ಉಪ್ಪು, ಹೊಗೆಸೊಪ್ಪು ಏನಾದರೂ ಇಟ್ಟುಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ತನಕದ ನಾಲ್ಕು ತಿಂಗಳೇ ಈ ರಸ್ತೆಗಳ ಒಳ್ಳೆಯ ಕಾಲ. ಮಾರ್ಚ್ ಆದ ಮೇಲೆ ನಿಮ್ಮ ಕೆಳಗಿನ ಸೆಕೆಗೆ ಮಧ್ಯಾಹ್ನ ಯಾರೂ ಏರು ಹತ್ತಲಾರರು.

ಮಣಿಪಾಲ 700ಸಿ

ದಕ್ಷಿಣದ ತುದಿಯ ಬಗ್ಗೆ ಕೇಳಬೇಕಿತ್ತು. ಸುಬ್ರಹ್ಮಣ್ಯದಿಂದ ಕುಳ್ಕುಂದ ಮೇಲೆ ಬಿಸಿಲೆ ಘಾಟಿ ಹತ್ತಬಹುದಾ?

ಬೆಳ್ತಂಗಡಿ ಟೀಚರ್

ರಸ್ತೆ ಬಹಳ ಸುಂದರ, ಮೇಲಿನಿಂದ ಕುಮಾರಪರ್ವತದ ಸಾಲು ಕಾಣುತ್ತದೆ. ಆದರೆ ಆನೆಗಳು ಓಡಾಡುವ ಕಾಡು. ನಸುಕು ಮತ್ತು ಸಂಜೆ ಬೇಡವೇ ಬೇಡ. ಹೋಗುವುದಿದ್ದರೆ ಬಿಸಿಲೇರಿದ ಮೇಲೆ, ಮೂರು–ನಾಲ್ಕು ಜನ ಸೇರಿ, ಕುಳ್ಕುಂದದಲ್ಲಿ ಊರಿನವರನ್ನು ವಿಚಾರಿಸಿಕೊಂಡೇ. ಅವರು ಇವತ್ತು ಬೇಡ ಎಂದರೆ ತಿರುಗಿ ಬನ್ನಿ. ಮಂಗಳೂರಿಗೆ ಮರಳಲು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಪ್ಯಾಸೆಂಜರ್ ರೈಲು ಇದೆ.

ದಾರಿ ಬದಲಿಸಿ ಅರಂಬೂರಿನ ಕಡೆ ಹೋಗುವ ಮನಸ್ಸಿದ್ದರೆ ಸುಳ್ಯದ ಹತ್ತಿರ ಪಯಸ್ವಿನಿಯ ತೂಗುಸೇತುವೆ ಇದ್ದ ಊರು ಅದು. ಗಿರೀಶ್ ಭಾರದ್ವಾಜರು ತೂಗುಸೇತುವೆ ಕಟ್ಟಲು ಶುರು ಮಾಡಿದ್ದೇ ಅಲ್ಲಿಂದ, 1989ರಲ್ಲಿ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಒಳನಾಡಿನಲ್ಲಿ ತೂಗುಸೇತುವೆ ಸಿಕ್ಕಿದ ಕಡೆಯೆಲ್ಲ ಸೈಕಲ್ ತಳ್ಳಿಕೊಂಡು ಆಚೆ ದಡಕ್ಕೆ ಹೋಗಿ ನೋಡಿ. ಕಾರು ಬರಲಾಗದ ಆ ಬದಿಯ ರಸ್ತೆಗಳೇ ಅತ್ಯಂತ ಶಾಂತ.

ಹೊಸಬ ಸುರತ್ಕಲ್

ಹಾಗಾದರೆ ನಾನು ಯಾವ ತುಂಡಿನಿಂದ ಶುರು ಮಾಡಲಿ? ಇಡೀ ಸಾಲು ನೋಡಿದರೆ ತಲೆ ತಿರುಗುತ್ತದೆ.

ಹಿರಿಯಡ್ಕದ ಸವಾರ

ಕಾರ್ಕಳದಿಂದ ಶುರು ಮಾಡಿ. ಅಲ್ಲಿಯ ತನಕ ಗಾಡಿಯಲ್ಲಿ ಸೈಕಲ್ ತನ್ನಿ, ಆನೆಕೆರೆ ಹತ್ತಿರ ನಿಲ್ಲಿಸಿ. ಹಿರ್ಗಾನ, ಅಜೆಕಾರು, ಮುನಿಯಾಲು ಆಗಿ ವರಂಗ. ದೋಣಿಯಲ್ಲಿ ಕೆರೆ ಬಸದಿಗೆ ಹೋಗಿ ಬನ್ನಿ, ಕಾಲಿಗೂ ವಿಶ್ರಾಂತಿ. ಹಿಂತಿರುಗುವಾಗ ಅಜೆಕಾರಿನ ಬದಲು ಅಂಡಾರು, ಶಿರ್ಲಾಲು, ಕೆರ್ವಾಶೆ ಕಡೆಯಿಂದ ಬಜಗೋಳಿಗೆ ಬಂದು ಕಾರ್ಕಳ ಸೇರಿ. ಪೂರ್ವಕ್ಕೆ ಉದ್ದಕ್ಕೂ ಘಟ್ಟದ ಗೋಡೆ ಕಾಣುತ್ತಿರುತ್ತದೆ, ಒಂದೂ ಘಾಟಿ ಹತ್ತಬೇಕಿಲ್ಲ. ಸುಸ್ತಾದರೆ ನಡುವಿನ ಪ್ರತಿ ಊರಿನಿಂದಲೂ ಕಾರ್ಕಳಕ್ಕೆ ಬಸ್ ಇದೆ. ಕಂಡಕ್ಟರನ್ನು ಮರ್ಯಾದೆಯಿಂದ ಕೇಳಿದರೆ ಜನ ಕಡಿಮೆಯಿರುವ ಹೊತ್ತಿನಲ್ಲಿ ಸೈಕಲನ್ನು ಹಿಂದಿನ ಡಿಕ್ಕಿಯಲ್ಲೋ ಟಾಪಿನಲ್ಲೋ ಹಾಕಿಸಿಕೊಳ್ಳುತ್ತಾರೆ. ಮುಂದಿನ ಚಕ್ರ ಬಿಚ್ಚಲು ಕಲಿತಿರಿ, ಒಂದು ಹಗ್ಗ ಇರಲಿ.

ಈ ಭಾನುವಾರ ನಾವು ನಾಲ್ಕು ಜನ ಇದೇ ಸುತ್ತಿಗೆ ಹೋಗುವವರಿದ್ದೇವೆ. ಬೆಳಿಗ್ಗೆ 6.30ಕ್ಕೆ ಆನೆಕೆರೆ. ನೀವೂ ಬನ್ನಿ, ಇನ್ನೊಬ್ಬರಿಗೆ ಜಾಗ ಇದೆ. ಟ್ಯೂಬ್ ಎರಡು ತನ್ನಿ.

ಹೊಸಬ ಸುರತ್ಕಲ್

ಬರುತ್ತೇನೆ. ಕ್ಯಾಸೆಟ್ ಶುಕ್ರವಾರದೊಳಗೆ ಬದಲಾಯಿಸಿ ಕೊಡುತ್ತಾರಂತೆ.